ವಿಯೆಟ್ನಾಂ ಮೆಣಸಿನಿಂದ ಹಳೇಬೀಡಿನ ಶಿಲ್ಪದವರೆಗೆ: ಆಸಿಯಾನ್ ಬಗ್ಗೆ ಓದುಗರ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಈ ಸಲ ಒಂದೇ ವಿಷಯದ ಸುತ್ತ ಇವೆ: ಆಗ್ನೇಯ ಏಷ್ಯಾದ ದೇಶಗಳ ಕೂಟವಾದ ಆಸಿಯಾನ್ ಜೊತೆ ಭಾರತದ ಒಪ್ಪಂದದಿಂದ ನಮಗೆ ಆದದ್ದೇನು, ಹೋದದ್ದೇನು. ಈ ಕೂಟ 1967ರ ಆಗಸ್ಟ್ 8ರಂದು ಬ್ಯಾಂಕಾಕ್‌ನಲ್ಲಿ ಹುಟ್ಟಿತು. ಇಂಡೊನೇಷ್ಯಾ, ಮಲೇಷ್ಯಾ, ಫಿಲಿಪ್ಪೀನ್ಸ್, ಸಿಂಗಪುರ, ಥಾಯ್ಲೆಂಡ್ ಮೊದಲ ಐವರು. ನಂತರ ಬ್ರೂನೈ, ವಿಯೆಟ್ನಾಂ, ಲಾವೋಸ್, ಮ್ಯಾನ್ಮಾರ್, ಕಾಂಬೋಡಿಯಾ ಸೇರಿದವು. 2025ರ ಅಕ್ಟೋಬರ್‌ನಲ್ಲಿ ಟಿಮೋರ್ ಲೆಸ್ಟೆ 11ನೆಯದಾಗಿ ಬಂತು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ಪ್ರಶ್ನೆ: ಮಂಡಿಯಲ್ಲಿ ಕಾಳುಮೆಣಸಿನ ರೇಟು ಇಳಿದಾಗಲೆಲ್ಲ "ಆಸಿಯಾನ್ ಒಪ್ಪಂದದಿಂದ ವಿಯೆಟ್ನಾಂ ಮಾಲು ಬಂದಿದೆ" ಅನ್ನುತ್ತಾರೆ. ಒಪ್ಪಂದದಲ್ಲಿ ಮೆಣಸಿಗೆ ಸುಂಕವೇ ಇಲ್ಲವೇ? ಒಪ್ಪಂದವನ್ನೇ ರದ್ದು ಮಾಡಿದರೆ ಸರಿಹೋಗುತ್ತದೆಯೇ?
*– ಬೆಳೆಗಾರರು, ಬಾಳ್ಳುಪೇಟೆ*

ಸುಂಕ ಇದೆ, ಸಣ್ಣದೇನೂ ಅಲ್ಲ. ಸರಕು ವ್ಯಾಪಾರದ ಒಪ್ಪಂದಕ್ಕೆ 2009ರ ಆಗಸ್ಟ್ 13ರಂದು ಸಹಿ ಬಿತ್ತು, 2010ರ ಜನವರಿ 1ರಿಂದ ಜಾರಿಗೆ ಬಂತು. ಅದರಲ್ಲಿ ಭಾರತ ಸಾವಿರಾರು ವಸ್ತುಗಳ ಸುಂಕ ಇಳಿಸಲು ಒಪ್ಪಿದರೂ ಐದನ್ನು "ವಿಶೇಷ ಉತ್ಪನ್ನ" ಎಂದು ಬೇರೆ ಇಟ್ಟಿತು: ಕಚ್ಚಾ ತಾಳೆ ಎಣ್ಣೆ, ಸಂಸ್ಕರಿಸಿದ ತಾಳೆ ಎಣ್ಣೆ, ಕಾಫಿ, ಕಪ್ಪು ಚಹಾ ಮತ್ತು ಮೆಣಸು. ಇವುಗಳ ಸುಂಕ ವರ್ಷ ವರ್ಷ ಸ್ವಲ್ಪವೇ ಇಳಿದು 2019ರ ಕೊನೆಗೆ ನಿಂತಿತು. ಮೆಣಸು 70ರಿಂದ ಶೇ 50ಕ್ಕೆ ಬಂತು. ಕಾಫಿ 100ರಿಂದ ಶೇ 45ಕ್ಕೆ ಬಂತು. ಸೊನ್ನೆಗೆ ಇಳಿಯುವ ಪಟ್ಟಿಯಲ್ಲಿ ಇವೆರಡೂ ಇಲ್ಲ.

ಈಗ ಲೆಕ್ಕ ಹಾಕಿ. ಬಂದರು ಮುಟ್ಟುವ ಹೊತ್ತಿಗೆ, ಹಡಗಿನ ಬಾಡಿಗೆ, ವಿಮೆ ಸೇರಿ ಕೆ.ಜಿ.ಗೆ 500 ರೂಪಾಯಿ ಬಿದ್ದ ಮೆಣಸು ಎಂದಿಟ್ಟುಕೊಳ್ಳಿ. ಮೂಲ ಸುಂಕವನ್ನಷ್ಟೇ ಹಿಡಿದರೆ, ಯಾವ ಒಪ್ಪಂದವೂ ಇಲ್ಲದ ದೇಶದಿಂದ ಬಂದರೆ 850 ರೂ. ಆಗುತ್ತದೆ, ಆಸಿಯಾನ್ ದೇಶದಿಂದ ಬಂದರೆ 750 ರೂ. ಜಿಎಸ್‌ಟಿ ಮತ್ತಿತರ ಖರ್ಚು ಇದರ ಮೇಲೆ. 2025ರಲ್ಲಿ ನಮ್ಮ ಮೆಣಸು 600ರಿಂದ 700ರ ಆಸುಪಾಸಿನಲ್ಲಿದ್ದಾಗ, ಶೇ 50 ಕಟ್ಟಿ ನ್ಯಾಯವಾಗಿ ತಂದವನಿಗೆ ಲಾಭ ಹುಟ್ಟುವುದಿಲ್ಲ. ಹಾಗಿದ್ದೂ ಮಾಲು ಬಂದಿದೆ ಎಂದಾದರೆ ಅದು ಬೇರೆ ಬಾಗಿಲಿನಿಂದ ಬಂದಿರಬೇಕು.

ಒಂದು ಬಾಗಿಲು ಶ್ರೀಲಂಕಾ. ಶ್ರೀಲಂಕಾ ಆಸಿಯಾನ್‌ನಲ್ಲಿ ಇಲ್ಲ, ಅದರೊಂದಿಗೆ 1998ರಲ್ಲಿ ಸಹಿಯಾದ ಬೇರೆಯೇ ಒಪ್ಪಂದವಿದೆ. ಅದರಡಿ ವರ್ಷಕ್ಕೆ 2,500 ಟನ್ ಮೆಣಸು ಸುಂಕವಿಲ್ಲದೆ ಬರಬಹುದು. ಅದನ್ನು ಮೀರಿದ್ದಕ್ಕೆ ಸಾರ್ಕ್ ದೇಶಗಳ ಸಾಫ್ಟಾ ಒಪ್ಪಂದದ ಶೇ 8. ಅದೇ 500 ರೂಪಾಯಿಯ ಮೆಣಸು ಈ ದಾರಿಯಲ್ಲಿ ಬಂದರೆ 500 ಅಥವಾ 540. ವಿಯೆಟ್ನಾಂ ಮೆಣಸು ಕೊಲಂಬೊದಲ್ಲಿ ಚೀಲ ಬದಲಿಸಿ ಶ್ರೀಲಂಕಾದ ಹೆಸರಲ್ಲಿ ಬರುತ್ತದೆ ಎಂಬುದು ಬೆಳೆಗಾರರ ಸಂಘಗಳ ಬಹುಕಾಲದ ದೂರು. ಇದರ ಹಿಂದಿರುವ ಆಸೆ 750ಕ್ಕೂ 540ಕ್ಕೂ ನಡುವಿನ ಆ 210 ರೂಪಾಯಿ.

ಎರಡನೆಯ ಬಾಗಿಲು ಅಡ್ವಾನ್ಸ್ ಆಥರೈಸೇಶನ್. ಹೊರಗಿನ ಮೆಣಸು ತಂದು ಎಣ್ಣೆ, ಓಲಿಯೋರೆಸಿನ್ (ಖಾರ, ಪರಿಮಳದ ಗಟ್ಟಿ ಸಾರ) ತೆಗೆದು ಅಥವಾ ಪುಡಿ ಮಾಡಿ ಪುನಃ ರಫ್ತು ಮಾಡುವವರಿಗೆ ಸುಂಕವಿಲ್ಲ. ಬರೀ ತೂರಿ, ಗ್ರೇಡ್ ಮಾಡಿ, ಚೀಲ ಬದಲಿಸಿ ಕಳಿಸುವುದಕ್ಕೆ ಈ ಸೌಲಭ್ಯ ಇಲ್ಲ ಎಂದು ನಿಯಮ ಸ್ಪಷ್ಟವಾಗಿದೆ. ಈ ಮಾಲು ದೇಶದೊಳಗೆ ಮಾರಾಟವಾದರೆ ಅದು ತಪ್ಪು. ಆದರೆ ಓಲಿಯೋರೆಸಿನ್ ಕಾರ್ಖಾನೆಗೆ ಜೊಳ್ಳುಕಾಳು ಅಗ್ಗದಲ್ಲಿ ಬೇಕೇ ಬೇಕು. ಅದನ್ನೆಲ್ಲ ಅನುಮಾನದಿಂದ ನೋಡಬೇಕಾಗಿಲ್ಲ.

ಇನ್ನು ಕನಿಷ್ಠ ಆಮದು ದರ. 2017ರ ಡಿಸೆಂಬರ್‌ನಲ್ಲಿ ಕೆ.ಜಿ.ಗೆ 500 ರೂ. ಎಂದು ಗೊತ್ತು ಮಾಡಿದರು. 2018ರ ಮಾರ್ಚ್‌ನಲ್ಲಿ, 500ಕ್ಕಿಂತ ಕಡಿಮೆ ಬೆಲೆಯ ಆಮದು ನಿಷಿದ್ಧ ಎಂದೇ ಮಾಡಿದರು. ಆಗ ಅಂತರರಾಷ್ಟ್ರೀಯ ದರ ಅದಕ್ಕಿಂತ ಬಹಳ ಕೆಳಗಿತ್ತು, ಆದ್ದರಿಂದ ಬೇಲಿ ಎತ್ತರವಾಗಿತ್ತು. ವಿಯೆಟ್ನಾಂ ದರ ಟನ್ನಿಗೆ 6,000 ಡಾಲರ್ ಮುಟ್ಟಿದರೆ, ಡಾಲರಿಗೆ 84 ರೂ.ನಂತೆ ಕೆ.ಜಿ.ಗೆ 504 ಆಗುತ್ತದೆ. ಬೇಲಿ ನೆಲಕ್ಕೆ ಸಮವಾದಂತೆ. ಹೊರಗಿನ ಬೆಲೆ ಏರಿದ ವರ್ಷಗಳಲ್ಲಿ ನಮ್ಮನ್ನು ಕಾಯುವುದು ಸುಂಕ ಒಂದೇ. ಆ ಸುಂಕವನ್ನು ತಪ್ಪಿಸುವ ದಾರಿ ಮುಚ್ಚಬೇಕೆಂದರೆ ಮೂಲದೇಶದ ನಿಯಮವನ್ನು ಬಿಗಿ ಮಾಡಬೇಕು. ಆಸಿಯಾನ್ ಒಪ್ಪಂದವನ್ನು ರದ್ದು ಮಾಡಿದರೂ ಶ್ರೀಲಂಕಾದ ಬಾಗಿಲು ತೆರೆದೇ ಇರುತ್ತದೆ.

ಪ್ರಶ್ನೆ: ಹಾಗಾದರೆ ಇದು ವಿಯೆಟ್ನಾಂ ಮೆಣಸು ಎಂದು ನಾವು ಹೇಗೆ ಸಾಬೀತು ಮಾಡುವುದು? ಕಾಳು ನೋಡಿ ಹೇಳಬಹುದೇ?
*– ಓದುಗರು, ಮೂಡಿಗೆರೆ*

ಕಾಳು ನೋಡಿ ಹೇಳಲಾಗದು. ಬಣ್ಣ, ಗಾತ್ರ, ಲೀಟರ್ ತೂಕ ಇವು ತಳಿ, ಕೊಯ್ಲು, ಒಣಗಿಸಿದ ರೀತಿಯನ್ನು ತೋರಿಸುತ್ತವೆ, ಬೆಳೆದ ದೇಶವನ್ನಲ್ಲ. ಇಲ್ಲಿ ಮಾತಾಡುವುದು ಕಾಗದ.

ಆಸಿಯಾನ್ ರಿಯಾಯಿತಿ ಬೇಕಾದರೆ "ಫಾರ್ಮ್ ಎಐ" ಎಂಬ ಮೂಲದೇಶ ಪ್ರಮಾಣಪತ್ರ ಬೇಕು. ರಫ್ತು ಮಾಡುವ ದೇಶದ ಸರ್ಕಾರ ಗೊತ್ತುಮಾಡಿದ ಸಂಸ್ಥೆ ಅದನ್ನು ಕೊಡುತ್ತದೆ. ಮೆಣಸಿನಂಥ ಬೆಳೆ ಪೂರ್ತಿಯಾಗಿ ಆ ದೇಶದ ನೆಲದಲ್ಲೇ ಬೆಳೆದು ಕೊಯ್ದದ್ದಾದರೆ ಪ್ರಶ್ನೆಯೇ ಇಲ್ಲ. ಕಾರ್ಖಾನೆಯ ವಸ್ತುವಾದರೆ ಎರಡು ಪರೀಕ್ಷೆ. ಹೊರಗಿನ ಕಚ್ಚಾ ಮಾಲಿನ ಬೆಲೆ ಎಫ್‌ಒಬಿ (ಹಡಗಿಗೆ ಏರಿಸುವವರೆಗಿನ) ಬೆಲೆಯ ಶೇ 65 ಮೀರಬಾರದು, ಮತ್ತು ಎಚ್‌ಎಸ್ (ಸರಕುಗಳ ಅಂತರರಾಷ್ಟ್ರೀಯ ವರ್ಗೀಕರಣ) ಸಂಖ್ಯೆಯ ಮೊದಲ ಆರು ಅಂಕಿ ಬದಲಾಗಿರಬೇಕು. ಉದಾಹರಣೆಗೆ ನಮ್ಮ ಕಾರ್ಖಾನೆಯೊಂದು ಆಫ್ರಿಕಾದ ಬೀಜ ತಂದು ಇನ್‌ಸ್ಟಂಟ್ ಕಾಫಿ ಮಾಡಿ ಮಲೇಷ್ಯಾಕ್ಕೆ ಕಳಿಸುತ್ತದೆ ಎನ್ನಿ. ಹಸಿಬೀಜ 0901 11, ಇನ್‌ಸ್ಟಂಟ್ 2101 11, ಸಂಖ್ಯೆ ಬದಲಾಯಿತು. 1,000 ರೂ. ಮಾಲಿನಲ್ಲಿ ಹೊರಗಿನ ಬೀಜ 600 ರೂ. ಆದರೆ ಪಾಸು, 700 ಆದರೆ ಫೇಲು. ಬೀಜ ಆಫ್ರಿಕಾದ್ದಲ್ಲ, ವಿಯೆಟ್ನಾಂನದ್ದು, ಅದರ ಮೂಲಪತ್ರವೂ ಸರಿಯಿದೆ ಎಂದಾದರೆ ಅದು ಒಪ್ಪಂದದ ಒಳಗಿನದೇ. ಆಗ ಅದನ್ನು "ಹೊರಗಿನದು" ಎಂದು ಎಣಿಸುವುದಿಲ್ಲ.

ಆಮದುದಾರನ ಮೇಲೆ ಭಾರ ಹೊರಿಸುವ ನಿಯಮ 2020ರ ಸೆಪ್ಟೆಂಬರ್ 21ರಿಂದ ಇದೆ. ಕಸ್ಟಮ್ಸ್‌ನವರು ಅದನ್ನು ಕಾರೊಟಾರ್ ಎನ್ನುತ್ತಾರೆ. ಪ್ರಮಾಣಪತ್ರ ತೋರಿಸಿದರೆ ಮುಗಿಯಿತು ಎಂಬ ಕಾಲ ಹೋಯಿತು. ಮಾಲು ಎಲ್ಲಿ ಬೆಳೆಯಿತು, ಮೂಲದ ಷರತ್ತು ಹೇಗೆ ಪೂರೈಸಿತು ಎಂಬ ವಿವರವನ್ನು ಆಮದುದಾರನೇ ಮೊದಲೇ ಸಂಗ್ರಹಿಸಿ ಐದು ವರ್ಷ ಇಟ್ಟುಕೊಂಡಿರಬೇಕು. ಅಧಿಕಾರಿಗೆ ಅನುಮಾನ ಬಂದರೆ ಆ ದೇಶಕ್ಕೇ ಬರೆದು ಪರಿಶೀಲಿಸಬಹುದು.

ದೂರು ಕೊಡುವವರು ಎಡವುವುದೂ ಇಲ್ಲೇ. "ವಿದೇಶಿ ಮೆಣಸು ಬರುತ್ತಿದೆ, ತಡೆಯಿರಿ" ಎಂಬ ಮನವಿಯನ್ನು ಹಿಡಿದು ಯಾವ ಅಧಿಕಾರಿಯೂ ಹೆಚ್ಚೇನು ಮಾಡಲಾರ. ಚೀಲದ ಮೇಲಿನ ಮಾರ್ಕು, ಲಾಟ್ ಸಂಖ್ಯೆಯ ಫೋಟೊ, ಸಿಕ್ಕಿದರೆ ಇ-ವೇ ಬಿಲ್ ಸಂಖ್ಯೆ, ಯಾವ ದಿನ ಯಾವ ಗೋದಾಮಿಗೆ ಎಷ್ಟು ಚೀಲ ಇಳಿಯಿತು ಎಂಬುದನ್ನು ಬರೆದು ಸಂಘದ ಮೂಲಕ ಕಸ್ಟಮ್ಸ್ ಆಯುಕ್ತರಿಗೆ ಅಥವಾ ಕಂದಾಯ ಗುಪ್ತಚರ ನಿರ್ದೇಶನಾಲಯಕ್ಕೆ ಕೊಡಿ. ಸಾಂಬಾರ ಮಂಡಳಿಗೆ ಒಂದು ಪ್ರತಿ ಹೋಗಲಿ.

ಇದರ ಜೊತೆ ನಮ್ಮ ಕಣದಲ್ಲಿ ಆಗಬೇಕಾದ ಕೆಲಸವೂ ಇದೆ. ವಿಯೆಟ್ನಾಂನವರು 500 ಗ್ರಾಂ, 550 ಗ್ರಾಂ ಎಂದು ಲೀಟರ್ ತೂಕ ಹೇಳಿಯೇ ಮಾರುತ್ತಾರೆ. ನೀವೂ ಒಂದು ಲೀಟರಿನ ಅಳತೆ ಪಾತ್ರೆಗೆ ಅಲ್ಲಾಡಿಸದೆ ಕಾಳು ಸುರಿದು, ಮೇಲೆ ಸಮ ಮಾಡಿ, ತೂಗಿ ನೋಡಿ. 500ಕ್ಕಿಂತ ಕೆಳಗೆ ಬಂದರೆ ಸಾಮಾನ್ಯವಾಗಿ ಎಳೆಯದರಲ್ಲೇ ಕೊಯ್ದಿದ್ದೀರಿ ಎಂದರ್ಥ. ಗೊಂಚಲಿನಲ್ಲಿ ಒಂದೆರಡು ಕಾಳು ಕೆಂಪಗಾದ ಮೇಲೆ ಕೊಯ್ಯಿರಿ. ಬಿಡಿಸಿದ ಕಾಳನ್ನು ಬುಟ್ಟಿಯಲ್ಲಿಟ್ಟು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದರೆ ಬಣ್ಣ ಒಂದೇ ಸಮ ಕಪ್ಪಗಾಗುತ್ತದೆ, ಕೊಳಕೂ ಹೋಗುತ್ತದೆ, ಬಿಸಿಲು ಚೆನ್ನಾಗಿದ್ದರೆ ಮೂರು ನಾಲ್ಕು ದಿನಕ್ಕೆ ಒಣಗುತ್ತದೆ. ನಿಮಿಷಕ್ಕಿಂತ ಹೆಚ್ಚು ಬಿಟ್ಟರೆ ಬಣ್ಣವೂ ಕೆಡುತ್ತದೆ, ಘಾಟೂ ಹೋಗುತ್ತದೆ. ತೇವಾಂಶ ಶೇ 11ಕ್ಕೆ ಬರಬೇಕು. ಅದಕ್ಕಿಂತ ಹೆಚ್ಚಿದ್ದಾಗ ಚೀಲ ಕಟ್ಟಿಟ್ಟರೆ ಮಳೆಗಾಲದಲ್ಲಿ ಬೂಷ್ಟು ಖಂಡಿತ. 100 ಕೆ.ಜಿ. ಹಸಿಕಾಳಿಗೆ 33ರಿಂದ 37 ಕೆ.ಜಿ. ಒಣಕಾಳು ಸಿಗಬೇಕು.

ಪ್ರಶ್ನೆ: ಆಸಿಯಾನ್‌ನವರ ಜೊತೆ ಸೇರಿದರೆ ಹಾಲಿಗೆ ಪೆಟ್ಟು ಎಂದು 2019ರಲ್ಲಿ ನಮ್ಮ ಸೊಸೈಟಿಯಲ್ಲಿ ಮಾತಾಡಿಕೊಂಡಿದ್ದೆವು. ಆ ಭಯ ಈಗಲೂ ಇದೆಯೇ?
*– ಹಾಲು ಉತ್ಪಾದಕರು, ಚನ್ನರಾಯಪಟ್ಟಣ*

ಆಗ ಚರ್ಚೆಯಲ್ಲಿದ್ದದ್ದು ಆರ್‌ಸಿಇಪಿ, ಬೇರೆ ಒಪ್ಪಂದ. ಆಸಿಯಾನ್‌ನ ಹತ್ತು ದೇಶಗಳ ಜೊತೆ ಚೀನಾ, ಜಪಾನ್, ದಕ್ಷಿಣ ಕೊರಿಯಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಅದರಲ್ಲಿದ್ದವು. ಹೈನುಗಾರರ ಹೆದರಿಕೆ ಇದ್ದದ್ದು ನ್ಯೂಜಿಲೆಂಡಿನ ಹಾಲಿನಪುಡಿಯ ಬಗ್ಗೆ. 2019ರ ನವೆಂಬರ್ 4ರಂದು ಬ್ಯಾಂಕಾಕ್‌ನಲ್ಲಿ ಭಾರತ ಅದರಿಂದ ಹೊರಬಂತು. ಉಳಿದ 15 ದೇಶಗಳು 2020ರಲ್ಲಿ ಸಹಿ ಹಾಕಿದವು, 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ಆಸಿಯಾನ್ ಜೊತೆಗಿನ ನಮ್ಮ 2010ರ ಒಪ್ಪಂದ ಹಾಗೆಯೇ ಮುಂದುವರಿದಿದೆ. ಎರಡನ್ನೂ ಒಂದೇ ಎಂದುಕೊಂಡು ಸಭೆಯಲ್ಲಿ ಠರಾವು ಬರೆಯಬೇಡಿ, ಮೇಲಿನವರು ಓದಿ ಬದಿಗಿಡುತ್ತಾರೆ.

ಪ್ರಶ್ನೆ: ಅಡಿಕೆಗೆ ಕನಿಷ್ಠ ಆಮದು ದರ ಇದೆಯಲ್ಲ, ಆದರೂ ಮ್ಯಾನ್ಮಾರ್, ಇಂಡೊನೇಷ್ಯಾ ಅಡಿಕೆ ಹೇಗೆ ಒಳಬರುತ್ತದೆ?
*– ತೋಟದವರು, ಕೊಪ್ಪ*

ಅಡಿಕೆಗೆ ಸಾಮಾನ್ಯ ಸುಂಕ ಶೇ 100. ಕನಿಷ್ಠ ಆಮದು ದರ 251 ರೂ. ಇದ್ದದ್ದನ್ನು 2023ರ ಫೆಬ್ರುವರಿಯಲ್ಲಿ ಕೆ.ಜಿ.ಗೆ 351ಕ್ಕೆ ಏರಿಸಿದರು. ಈ ಬಿಗಿ ಇರುವುದು ಎಚ್‌ಎಸ್ 0802ರ ಅಡಿಯ ಅಡಿಕೆಗೆ. ಅದೇ ಅಡಿಕೆಯನ್ನು "ಹುರಿದದ್ದು" ಎಂದು ಘೋಷಿಸಿದರೆ ಅದು 20ನೇ ಅಧ್ಯಾಯದ 2008ಕ್ಕೆ ಹೋಗುತ್ತದೆ. ಅಲ್ಲಿ ಆಸಿಯಾನ್ ರಿಯಾಯಿತಿಯೂ ಸಿಗುತ್ತದೆ, ಕನಿಷ್ಠ ದರವೂ ಇರಲಿಲ್ಲ. ನಿಜವಾಗಿ ಹುರಿದದ್ದೋ, ಒಣಗಿಸುವ ಹೊತ್ತಿನಲ್ಲಿ ಸ್ವಲ್ಪ ಹೆಚ್ಚು ಬಿಸಿ ಕೊಟ್ಟದ್ದೋ ಎಂಬ ಜಗಳ ನ್ಯಾಯಾಲಯಗಳವರೆಗೂ ಹೋಯಿತು. 2025ರಲ್ಲಿ ಹುರಿದ ಅಡಿಕೆಗೂ 351 ರೂಪಾಯಿಯ ಕಟ್ಟು ಹಾಕಿದ ಮೇಲೆ ಆ ಬಿರುಕು ಬಹುಮಟ್ಟಿಗೆ ಮುಚ್ಚಿತು. ಈಶಾನ್ಯದ ಗಡಿಯಲ್ಲಿ ಕಾಗದವೇ ಇಲ್ಲದೆ ನುಸುಳುವುದು ಕಳ್ಳಸಾಗಣೆ. ಒಪ್ಪಂದ ತಿದ್ದಿದರೆ ಅದು ನಿಲ್ಲುವುದಿಲ್ಲ, ಗಡಿಯ ಕಾವಲೇ ಬೇಕು. ನಮ್ಮ ರಾಶಿ ಇಡಿ, ಬೆಟ್ಟೆ, ಹಸ ಬೇಯಿಸಿ ಚೊಗರು ಹಾಕಿ ಮಾಡಿದ ಕೆಂಪಡಿಕೆ. ಬರುವ ಒಣ ಅಡಿಕೆ ಹೆಚ್ಚಾಗಿ ಚಾಲಿಯ (ಬೇಯಿಸದೆ ಒಣಗಿಸಿದ ಬಿಳಿ ಅಡಿಕೆ) ಜಾತಿ. ಹಾಗಾಗಿ ಮೊದಲ ಹೊಡೆತ ಚಾಲಿಗೆ.

ಪ್ರಶ್ನೆ: ರೋಬಸ್ಟಾ ರೇಟು ವಿಯೆಟ್ನಾಂ ಮೇಲೆ ನಿಂತಿದೆ ಎನ್ನುತ್ತಾರೆ. ಲಂಡನ್ ದರ ನೋಡಿ ನನ್ನ ಚೆರ್ರಿ ಮೂಟೆಗೆ ಎಷ್ಟು ಸಿಗಬೇಕು ಎಂದು ತಿಳಿಯುವುದು ಹೇಗೆ? ಯಾವಾಗ ಮಾರಬೇಕು?
*– ಸಣ್ಣ ಬೆಳೆಗಾರರು, ಆಲ್ದೂರು*

ವಿಯೆಟ್ನಾಂ ಜಗತ್ತಿನಲ್ಲೇ ಅತಿ ಹೆಚ್ಚು ರೋಬಸ್ಟಾ ಬೆಳೆಯುವ ದೇಶ. ಡಾಕ್ ಲಾಕ್, ಲಾಮ್ ಡಾಂಗ್ ಕಡೆಯ ಎತ್ತರದ ನಾಡಿನಲ್ಲಿ ಬರ ಬಿದ್ದರೆ ಲಂಡನ್ ವಾಯಿದಾ ಪೇಟೆಯ ರೋಬಸ್ಟಾ ದರ ಏರುತ್ತದೆ, 2024ರಲ್ಲಿ ಹಾಗೇ ಆಯಿತು. ನಮ್ಮ ಕಾಫಿಯ ಬಹುಪಾಲು ರಫ್ತಾಗುವುದರಿಂದ ಆ ಏರಿಳಿತ ಆಲ್ದೂರಿನ ಕಣಕ್ಕೆ ಮರುದಿನವೇ ಬರುತ್ತದೆ. ಇದಕ್ಕೂ ಸುಂಕಕ್ಕೂ ಸಂಬಂಧವಿಲ್ಲ.

ಲಂಡನ್ ದರ ಟನ್ನಿಗೆ ಡಾಲರಿನಲ್ಲಿ. ಉದಾಹರಣೆಗೆ 4,500 ಡಾಲರ್, ಡಾಲರಿಗೆ 85 ರೂ. ಎಂದಿಟ್ಟುಕೊಂಡರೆ ಕೆ.ಜಿ. ಕ್ಲೀನ್ ಕಾಫಿಗೆ (ಸಿಪ್ಪೆ ತೆಗೆದ ಬೀಜಕ್ಕೆ) 382 ರೂ. 50 ಪೈಸೆ. 50 ಕೆ.ಜಿ. ಚೆರ್ರಿ ಮೂಟೆಯ ಔಟ್‌ಟರ್ನ್, ಅಂದರೆ ಅದರಿಂದ ಸಿಗುವ ಕ್ಲೀನ್ ಕಾಫಿ, 27 ಕೆ.ಜಿ. ಬಂದರೆ 10,327 ರೂ. ಔಟ್‌ಟರ್ನ್ 25ಕ್ಕೆ ಇಳಿದರೆ 9,562. ಎರಡು ಪಾಯಿಂಟಿಗೆ ಮೂಟೆಗೆ 765 ರೂ. ಹೋಯಿತು. ಇದು ಮೇಲಿನ ಅಂಚು. ಕ್ಯೂರಿಂಗ್ ಖರ್ಚು, ಸಾಗಾಟ, ಕಪ್ಪು ಬೀಜ ಮತ್ತು ಬಿಟ್ಸ್‌ನ (ಒಡಕು ಬೀಜದ) ಕಡಿತ, ರಫ್ತುದಾರನ ಪಾಲು ಇದರಲ್ಲಿ ಹೋಗುತ್ತದೆ. ಇನ್ನೊಂದೆಡೆ, ನಮ್ಮ ಒಳ್ಳೆಯ ರೋಬಸ್ಟಾಗೆ ಲಂಡನ್ ಮೇಲೆ ಪ್ರೀಮಿಯಂ ಸಿಗುವುದೂ ಉಂಟು. ವ್ಯಾಪಾರಿ ಹೇಳಿದ ದರ ಈ ಲೆಕ್ಕಕ್ಕಿಂತ ತೀರಾ ಕೆಳಗಿದ್ದರೆ ಮೊದಲು ಔಟ್‌ಟರ್ನ್ ಮತ್ತು ತೇವಾಂಶ ಎಷ್ಟು ಹಿಡಿದಿದ್ದೀರಿ ಎಂದು ಕೇಳಿ. ಹಣ ತಪ್ಪುವುದು ಹೆಚ್ಚಾಗಿ ಅಲ್ಲೇ. ಸ್ಯಾಂಪಲ್ ತೆಗೆಯುವಾಗ ಎದುರಿಗೆ ನಿಲ್ಲಿ, ಒಂದೇ ಮೂಟೆಯಿಂದಲ್ಲ, ಹಲವು ಮೂಟೆಗಳ ಮೇಲೆ, ನಡು, ತಳದಿಂದ ತೆಗೆಸಿ.

ಮಾರುವ ಹೊತ್ತಿಗೆ ಬಂದರೆ, ವಿಯೆಟ್ನಾಂ ಕೊಯ್ಲು ಅಕ್ಟೋಬರ್–ನವೆಂಬರ್‌ನಿಂದ ಜನವರಿಯವರೆಗೆ. ಅವರ ಹೊಸ ವರ್ಷ ಟೆಟ್ ಜನವರಿ ಕೊನೆ ಅಥವಾ ಫೆಬ್ರುವರಿಯಲ್ಲಿ ಬರುತ್ತದೆ. ಹಬ್ಬದ ಖರ್ಚಿಗೆ ರೈತರು ಅದಕ್ಕೆ ಮುಂಚೆ ಮಾಲು ಬಿಡುತ್ತಾರೆ, ಹಬ್ಬದ ವಾರ ಅಲ್ಲಿ ವ್ಯಾಪಾರವೇ ನಿಲ್ಲುತ್ತದೆ. ನಮ್ಮ ರೋಬಸ್ಟಾ ಕಣಕ್ಕೆ ಬರುವುದು ಜನವರಿಯಿಂದ ಮಾರ್ಚ್. ಇಂಡೊನೇಷ್ಯಾದ ಹೊಸ ಬೆಳೆ ಏಪ್ರಿಲ್ ನಂತರ. ಇದು ಭವಿಷ್ಯ ಹೇಳುವ ಪಂಚಾಂಗವಲ್ಲ, ಸರಬರಾಜಿನ ಕ್ಯಾಲೆಂಡರ್ ಅಷ್ಟೆ. ಎಲ್ಲ ಮಾಲನ್ನೂ ಒಂದೇ ದಿನ ಕೊಡದೆ ಮೂರು ಕಂತು ಮಾಡಿ ಎನ್ನುವುದು ನಮ್ಮ ಸಲಹೆ. ಬ್ಯಾಂಕ್ ಸಾಲದ ಕಂತಿಗೆ ಬೇಕಾದಷ್ಟನ್ನು ಮೊದಲು ಮಾರಿ.

ಪ್ರಶ್ನೆ: ನಮ್ಮ ಸ್ವಸಹಾಯ ಸಂಘ ಹುರಿದ ಕಾಫಿಪುಡಿ ಮತ್ತು ಕಾಳುಮೆಣಸನ್ನು ಸಿಂಗಪುರದ ಒಬ್ಬ ಅಂಗಡಿಯವರಿಗೆ ಕಳಿಸಬೇಕೆಂದಿದೆ. ಮೊದಲ ಸಲ 50 ಕೆ.ಜಿ. ಆಸಿಯಾನ್ ಪ್ರಮಾಣಪತ್ರ ಮಾಡಿಸಿದರೆ ಸುಂಕ ಉಳಿಯುತ್ತದೆ ಎಂದು ಒಬ್ಬರು ಏಜೆಂಟರು ಶುಲ್ಕ ಕೇಳುತ್ತಿದ್ದಾರೆ. ಏನೇನು ಮಾಡಿಸಬೇಕು?
*– ಮಹಿಳಾ ಸಂಘದವರು, ಸಕಲೇಶಪುರ*

ಮೊದಲಿಗೆ ಆ ಶುಲ್ಕ ಉಳಿಸಿಕೊಳ್ಳಿ. ಸಿಂಗಪುರ ಸುಂಕ ಹಾಕುವುದು ಮದ್ಯ, ತಂಬಾಕು, ವಾಹನ, ಪೆಟ್ರೋಲಿಯಂಗೆ ಮಾತ್ರ. ಕಾಫಿ, ಮೆಣಸಿಗೆ ಸುಂಕವೇ ಇಲ್ಲದ ಮೇಲೆ ಫಾರ್ಮ್ ಎಐ ಇದ್ದರೂ ಉಳಿಯುವುದೇನೂ ಇಲ್ಲ. ಅಲ್ಲಿನ ಶೇ 9 ಜಿಎಸ್‌ಟಿಯನ್ನು ನಿಮ್ಮ ಗ್ರಾಹಕರೇ ಕಟ್ಟುತ್ತಾರೆ, ಪ್ರಮಾಣಪತ್ರದಿಂದ ಅದು ತಪ್ಪುವುದಿಲ್ಲ. ಗ್ರಾಹಕರೇ ಬೇಕೆಂದು ಕೇಳಿದರೆ ಮಾತ್ರ ಮಾಡಿಸಿ. ಮುಂದೆ ಸುಂಕ ಇರುವ ಬೇರೆ ಆಸಿಯಾನ್ ದೇಶಕ್ಕೆ ಕಳಿಸುವಾಗ ಅದರ ಬೆಲೆ ಗೊತ್ತಾಗುತ್ತದೆ.

ನಿಜವಾಗಿ ಬೇಕಾದವು ಇವು. ಸಂಘದ ಪ್ಯಾನ್ ಮತ್ತು ಬ್ಯಾಂಕ್ ಖಾತೆಯ ಮೇಲೆ ಐಇಸಿ, ಅಂದರೆ ಆಮದು ರಫ್ತು ಸಂಕೇತ. ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯದ ಜಾಲತಾಣದಲ್ಲಿ ಅರ್ಜಿ, ಸರ್ಕಾರಿ ಶುಲ್ಕ 500 ರೂ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅದನ್ನು ಅಪ್‌ಡೇಟ್ ಮಾಡಲೇಬೇಕು. ಏನೂ ಬದಲಾಗದಿದ್ದರೂ "ಬದಲಾಗಿಲ್ಲ" ಎಂದು ದೃಢಪಡಿಸಬೇಕು. ಮರೆತರೆ ಐಇಸಿ ನಿಷ್ಕ್ರಿಯವಾಗುತ್ತದೆ, ಮಾಲು ಬಂದರಿನಲ್ಲಿ ನಿಂತಾಗ ಇದು ತಿಳಿಯುವುದು ಸಾಮಾನ್ಯ ಅನಾಹುತ. ನಂತರ ಕಾಫಿಗೆ ಕಾಫಿ ಮಂಡಳಿಯ ರಫ್ತುದಾರ ನೋಂದಣಿ, ಮೆಣಸಿಗೆ ಸಾಂಬಾರ ಮಂಡಳಿಯ ನೋಂದಣಿ. ಒಂದು ಇನ್ನೊಂದಕ್ಕೆ ಸಲ್ಲುವುದಿಲ್ಲ. ಆಹಾರ ಸುರಕ್ಷತಾ ಪ್ರಾಧಿಕಾರದ ಪರವಾನಗಿ ಬೇಕು. ಜಿಎಸ್‌ಟಿ ಕಟ್ಟದೆ ಕಳಿಸಲು ಆರ್ಥಿಕ ವರ್ಷದ ಆರಂಭದಲ್ಲೇ ಬದ್ಧತಾ ಪತ್ರ, ಅಂದರೆ ಎಲ್‌ಯುಟಿ ಸಲ್ಲಿಸಿ. ಬ್ಯಾಂಕಿನ ಎಡಿ ಕೋಡನ್ನು (ವಿದೇಶಿ ಹಣದ ವ್ಯವಹಾರಕ್ಕೆ ಆ ಬ್ಯಾಂಕಿಗಿರುವ ಸಂಕೇತ) ಮಾಲು ಹೊರಡುವ ಬಂದರು ಅಥವಾ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ನೋಂದಾಯಿಸಬೇಕು. ಮಂಗಳೂರಿನಲ್ಲಿ ನೋಂದಾಯಿಸಿ ಬೆಂಗಳೂರಿನಿಂದ ಕಳಿಸಿದರೆ ಆಗುವುದಿಲ್ಲ.

ಮೆಣಸಿಗೆ ಸಸ್ಯ ಸಂಗರೋಧ ಇಲಾಖೆಯ ಫೈಟೊಸ್ಯಾನಿಟರಿ (ರೋಗ, ಕೀಟ ಇಲ್ಲ ಎಂಬ) ಪ್ರಮಾಣಪತ್ರ ಬೇಕೇ ಎಂದು ಗ್ರಾಹಕರ ಮೂಲಕ ಬರಹದಲ್ಲೇ ತಿಳಿದುಕೊಳ್ಳಿ. ಹುರಿದು ಪುಡಿ ಮಾಡಿದ ಕಾಫಿ ಸಂಸ್ಕರಿತ ಆಹಾರ, ಅದಕ್ಕೆ ಸಾಮಾನ್ಯವಾಗಿ ಕೇಳುವುದಿಲ್ಲ. ಕಾಫಿಗೆ ಅಂತರರಾಷ್ಟ್ರೀಯ ಕಾಫಿ ಸಂಸ್ಥೆಯ ಮೂಲ ಪ್ರಮಾಣಪತ್ರ ಒಂದಿದೆ, ಅದನ್ನು ಕಾಫಿ ಮಂಡಳಿಯ ಮೂಲಕ ಪಡೆಯಬೇಕು. ಅದರ ಹೆಸರಲ್ಲೂ "ಮೂಲ" ಇರುವುದರಿಂದ ಫಾರ್ಮ್ ಎಐ ಎಂದೇ ತಿಳಿದು ಗೊಂದಲ ಮಾಡಿಕೊಳ್ಳುವವರಿದ್ದಾರೆ. ಅದು ಅಂಕಿಅಂಶಕ್ಕಾಗಿ, ಸುಂಕ ಇಳಿಸುವುದಿಲ್ಲ.

ಸಿಂಗಪುರದ ಕಡೆ, ನಿಮ್ಮ ಅಂಗಡಿಯವರು ಅಲ್ಲಿನ ಆಹಾರ ಸಂಸ್ಥೆಯಲ್ಲಿ ಆಮದುದಾರರಾಗಿ ನೋಂದಾಯಿಸಿದ್ದಾರೆಯೇ, ಪ್ರತಿ ರವಾನೆಗೂ ಪರ್ಮಿಟ್ ತೆಗೆಯುತ್ತಾರೆಯೇ ಕೇಳಿ. "ಕಳಿಸಿ, ನೋಡಿಕೊಳ್ಳೋಣ" ಎಂದರೆ ಕಳಿಸಬೇಡಿ. ಲೇಬಲ್ ಇಂಗ್ಲಿಷಿನಲ್ಲಿರಬೇಕು: ವಸ್ತುವಿನ ಹೆಸರು, ಅದರಲ್ಲಿರುವ ಪದಾರ್ಥಗಳು, ನಿವ್ವಳ ತೂಕ, ಆಮದುದಾರರ ಹೆಸರು ವಿಳಾಸ, ಮೂಲದೇಶ ಭಾರತ. ಚಿಕೋರಿ ಬೆರೆಸಿದ್ದರೆ ಶೇಕಡಾ ಎಷ್ಟು ಎಂದು ಮುಚ್ಚಿಡದೆ ಬರೆಯಿರಿ. ನಮ್ಮೂರಿನ ಫಿಲ್ಟರ್ ಕಾಫಿಗೆ ಚಿಕೋರಿ ಸಹಜ, ಆದರೆ ಅಲ್ಲಿ "ಕಾಫಿ" ಎಂದಷ್ಟೇ ಬರೆದು ಚಿಕೋರಿ ಸಿಕ್ಕಿದರೆ ಅದು ತಪ್ಪು ಲೇಬಲ್.

ಹುರಿದ ಕಾಫಿ ಹಲವು ದಿನ ಇಂಗಾಲದ ಡೈಆಕ್ಸೈಡ್ ಬಿಡುತ್ತಲೇ ಇರುತ್ತದೆ. ಒಂದೇ ದಿಕ್ಕಿನ ವಾಲ್ವ್ ಇರುವ ಪೊಟ್ಟಣ ಬಳಸದಿದ್ದರೆ ವಿಮಾನದಲ್ಲಿ ಉಬ್ಬಿ ಹೊಲಿಗೆ ಬಿಡುತ್ತದೆ. ಮೆಣಸಿನ ಪೊಟ್ಟಣದಲ್ಲಿ ಕಲ್ಲು, ತೊಟ್ಟು, ಇಲಿ ಹಿಕ್ಕೆ ಸಿಕ್ಕರೆ ಪೂರ್ತಿ ರವಾನೆ ವಾಪಸಾಗಬಹುದು. ಹಕ್ಕಿ, ನಾಯಿ ಓಡಾಡುವ ಕಣದಲ್ಲಿ ಒಣಗಿಸಿದ ಮೆಣಸಿನಲ್ಲಿ ಸಾಲ್ಮೊನೆಲ್ಲಾ ಬರುವ ಅಪಾಯವಿದೆ. ಟಾರ್ಪಾಲು ಹಾಸಿ, ಸುತ್ತ ಬಲೆ ಕಟ್ಟಿ ಒಣಗಿಸಿದ್ದನ್ನೇ ಕಳಿಸಿ. ಲ್ಯಾಬ್ ವರದಿ ಮಾಡಿಸಿಟ್ಟುಕೊಳ್ಳಿ.

ಹಣದ ವಿಷಯ ಜೋಪಾನ. ಯುಪಿಐ ಮತ್ತು ಸಿಂಗಪುರದ ಅಂಥದೇ ಹಣ ಪಾವತಿ ವ್ಯವಸ್ಥೆಯಾದ ಪೇನೌ ನಡುವೆ 2023ರ ಫೆಬ್ರುವರಿ 21ರಿಂದ ಸಂಪರ್ಕವಿದೆ, ಆರಂಭದ ಮಿತಿ ದಿನಕ್ಕೆ 60,000 ರೂ. ಅದು ಮನೆಯವರು ಮನೆಯವರಿಗೆ ಹಣ ಕಳಿಸಲಿಕ್ಕೆ. ರಫ್ತಿನ ಹಣ ಅದರಲ್ಲಿ ಬಂದರೆ ಬ್ಯಾಂಕಿನ ಲೆಕ್ಕದಲ್ಲಿ ನಿಮ್ಮ ಶಿಪ್ಪಿಂಗ್ ಬಿಲ್ (ಕಸ್ಟಮ್ಸ್‌ಗೆ ಸಲ್ಲಿಸಿದ ರಫ್ತು ಘೋಷಣೆ) "ಹಣ ಬಂದಿಲ್ಲ" ಎಂದೇ ಉಳಿದು, ಮುಂದಿನ ರಫ್ತಿಗೆ ತೊಡಕಾಗುತ್ತದೆ. ಬ್ಯಾಂಕಿನಿಂದ ಬ್ಯಾಂಕಿಗೆ, ಇನ್ವಾಯ್ಸ್ ಸಂಖ್ಯೆ ನಮೂದಿಸಿಯೇ ತರಿಸಿ. ಮೊದಲ ವ್ಯವಹಾರದಲ್ಲಿ ಅರ್ಧ ಮುಂಗಡ ಕೇಳುವುದಕ್ಕೆ ಸಂಕೋಚ ಬೇಡ.

ಮುಂದೊಂದು ದಿನ ಫಾರ್ಮ್ ಎಐ ಬೇಕಾದರೆ, ಮಾಲು ಹೊರಡುವಾಗ ಅಥವಾ ಹೊರಟ ಮೂರು ಕೆಲಸದ ದಿನದೊಳಗೆ ತೆಗೆಯಿರಿ. ತಪ್ಪಿದರೆ 12 ತಿಂಗಳೊಳಗೆ "ಪೂರ್ವಾನ್ವಯವಾಗಿ ನೀಡಿದ್ದು" ಎಂಬ ಮೊಹರಿನೊಂದಿಗೆ ಸಿಗುತ್ತದೆ, ಆದರೆ ಅದರ ಮೇಲೆ ಪ್ರಶ್ನೆ ಹೆಚ್ಚು. ತಿರಸ್ಕಾರಕ್ಕೆ ಕಾರಣ ಬಹಳ ಸಲ ಸಣ್ಣದೇ: ಇನ್ವಾಯ್ಸಿನಲ್ಲಿ ಒಂದು ಎಚ್‌ಎಸ್ ಸಂಖ್ಯೆ, ಪ್ರಮಾಣಪತ್ರದಲ್ಲಿ ಇನ್ನೊಂದು. ಒಂದರಲ್ಲಿ ನಿವ್ವಳ ತೂಕ, ಇನ್ನೊಂದರಲ್ಲಿ ಒಟ್ಟು ತೂಕ. ಸಂಘದ ಹೆಸರಿನ ಕಾಗುಣಿತ ಐಇಸಿಯಲ್ಲಿ ಒಂದು ತೆರ, ಇಲ್ಲಿ ಒಂದು ತೆರ.

ಪ್ರಶ್ನೆ: ಥಾಯ್ಲೆಂಡ್, ಇಂಡೊನೇಷ್ಯಾದ ಪ್ರವಾಸಿಗರು ಬರುತ್ತಾರೆ. ರಾಮಾಯಣದ ಪಟ್ಟಿಕೆ ತೋರಿಸಿದರೆ "ನಮ್ಮಲ್ಲಿಯೂ ಇದೆ" ಎನ್ನುತ್ತಾರೆ, ಮುಂದೆ ಏನು ಹೇಳಬೇಕೋ ತಿಳಿಯದು. ಭಾರತಕ್ಕೂ ಅವರಿಗೂ ಸಂಸ್ಕೃತಿಯ ಸಹಕಾರ ಎಂಬುದು ಏನಾದರೂ ನಡೆದಿದೆಯೇ?
*– ಪ್ರವಾಸಿ ಮಾರ್ಗದರ್ಶಿ, ಹಳೇಬೀಡು*

ನಡೆದಿದೆ, ಅದೂ ಕಲ್ಲಿನ ಕೆಲಸದಲ್ಲೇ. ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ 1986ರಿಂದ 1993ರವರೆಗೆ ಕಾಂಬೋಡಿಯಾದ ಅಂಕೋರ್ ವಾಟ್ ದೇಗುಲದ ಸಂರಕ್ಷಣೆ ಮಾಡಿತು. ಆಗ ಆ ದೇಶ ಯುದ್ಧದಿಂದ ಜರ್ಝರಿತವಾಗಿತ್ತು, ಕಾಲಿಡುವವರೇ ಕಡಿಮೆ. ನಂತರ ಮರದ ಬೇರುಗಳು ಗೋಡೆಯನ್ನು ಅಪ್ಪಿಕೊಂಡಿರುವ ತಾ ಪ್ರೋಮ್, ಲಾವೋಸಿನ ವಾಟ್ ಫು, ಮ್ಯಾನ್ಮಾರಿನ ಬಗಾನ್‌ನ ಆನಂದ ದೇಗುಲ, ವಿಯೆಟ್ನಾಂನ ಮಿ ಸೊನ್‌ಗಳಲ್ಲಿ ಕೆಲಸ ಮಾಡಿದೆ. ಮಿ ಸೊನ್ ಚಂಪಾ ಅರಸರ ಶಿವಾಲಯಗಳ ಸಮೂಹ. 2020ರ ಮೇ ತಿಂಗಳಲ್ಲಿ ಅಲ್ಲಿನ ಕೆಲಸದ ವೇಳೆ 9ನೇ ಶತಮಾನದ ಮರಳುಗಲ್ಲಿನ ಏಕಶಿಲಾ ಶಿವಲಿಂಗ ಹೊರಬಂತು. ಹೊಯ್ಸಳೇಶ್ವರನ ಮುಂದೆ ನಿಂತು ವಿಯೆಟ್ನಾಂನವರಿಗೆ ಇದನ್ನು ಹೇಳಿ ನೋಡಿ.

ಕಲ್ಲಿನ ಭೇದದಿಂದ ಶುರು ಮಾಡಬಹುದು. ಬೇಲೂರು, ಹಳೇಬೀಡಿನದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೃದು, ಗಾಳಿಗೆ ಗಟ್ಟಿಯಾಗುತ್ತದೆ. ಅದರಿಂದಲೇ ಕಿವಿಯೋಲೆಯ ರಂಧ್ರದವರೆಗೆ ಕೊರೆಯಲು ಸಾಧ್ಯವಾಯಿತು. ಅಂಕೋರ್‌ನದು ಮರಳುಗಲ್ಲು, ಜಾವಾದ ಪ್ರಂಬಾನನ್‌ನದು ಜ್ವಾಲಾಮುಖಿಯ ಕಲ್ಲು. ಕಥೆ ಒಂದೇ ಆದರೂ ಕಲ್ಲು ಬಿಟ್ಟಷ್ಟೇ ಕೆತ್ತನೆ.

ಸಮಯವಿದ್ದರೆ ಅವರನ್ನು ತರೀಕೆರೆ ತಾಲ್ಲೂಕಿನ ಅಮೃತಾಪುರಕ್ಕೆ ಕರೆದುಕೊಂಡು ಹೋಗಿ. 1196ರ ಅಮೃತೇಶ್ವರ ದೇಗುಲದ ಮಂಟಪದ ಹೊರಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣದ 70 ಪಟ್ಟಿಕೆಗಳಿವೆ, ಕಥೆ ಅಪ್ರದಕ್ಷಿಣೆಯಾಗಿ ಸಾಗುತ್ತದೆ. ಉತ್ತರಕ್ಕೆ ಕೃಷ್ಣಕಥೆ 25, ಮಹಾಭಾರತ 45, ಇವು ಪ್ರದಕ್ಷಿಣೆಯಾಗಿ. ಪ್ರಂಬಾನನ್‌ನಲ್ಲಿ 9ನೇ ಶತಮಾನದ ರಾಮಾಯಣ ಶಿವಾಲಯದ ಕಟಾಂಜನದ ಒಳಮೈಯಲ್ಲಿ ಪ್ರದಕ್ಷಿಣೆಯಾಗಿ ಹೊರಟು ಪಕ್ಕದ ಬ್ರಹ್ಮನ ಗುಡಿಯಲ್ಲಿ ಮುಗಿಯುತ್ತದೆ. ನಡೆದು ಓದುವ ಕಥೆ ಎಂಬ ಕಲ್ಪನೆ ಎರಡೂ ಕಡೆ ಒಂದೇ. ಇಂಡೊನೇಷ್ಯಾದವರು ತಾವಾಗಿ ಸುತ್ತುತ್ತಾ ಓದುವುದಕ್ಕೆ ಬಿಡಿ, ಪ್ರತಿ ಪಟ್ಟಿಕೆಗೂ ವಿವರಣೆ ಬೇಡ.

ಥಾಯ್ ಪ್ರವಾಸಿಗರ ರಾಮಾಯಣದಲ್ಲಿ ರಾವಣ ಥೊಸಕಾನ್. ಅದು ನಮ್ಮ ದಶಕಂಠ. ರಾಮ ಫ್ರಾ ರಾಮ್, ಸೀತೆ ನಾಂಗ್ ಸಿದಾ. ಅವರ ಹನುಮಂತ ಬ್ರಹ್ಮಚಾರಿಯಲ್ಲ, ಪ್ರಣಯಪ್ರಸಂಗಗಳೂ ಉಂಟು. ಅದನ್ನು ಕೇಳಿ "ತಪ್ಪು" ಎಂದು ತಿದ್ದಲು ಹೋಗಬೇಡಿ, ಅದು ಅವರ ಪರಂಪರೆ. ಅವರ ಹಳೆಯ ರಾಜಧಾನಿ ಅಯುತ್ಥಯದ ಹೆಸರು ಅಯೋಧ್ಯೆಯಿಂದ ಬಂದದ್ದು ಎಂದು ಹೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಇಂಡೊನೇಷ್ಯಾದ ಭಾಷೆಯಲ್ಲಿ ಬೆಲೆಗೆ "ಹರ್ಗ" ಎನ್ನುತ್ತಾರೆ, ಸಂಸ್ಕೃತದ ಅರ್ಘ. ಮೆಣಸಿಗೆ "ಮೆರಿಚ", ನಮ್ಮ ಮರೀಚ. ಹಡಗಿನಲ್ಲಿ ಹೋದದ್ದು ಕಥೆ ಮಾತ್ರವಲ್ಲ, ವ್ಯಾಪಾರದ ಮಾತೂ ಹೋಯಿತು.

ಬೇಲೂರು, ಹಳೇಬೀಡು, ಸೋಮನಾಥಪುರ 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ಪಟ್ಟಿ ಸೇರಿವೆ. ಆದರೆ ಥಾಯ್ ಅಥವಾ ಇಂಡೊನೇಷ್ಯಾ ಭಾಷೆಯ ಒಂದು ಪುಟದ ಕೈಪಿಡಿ ಸಿಗದಿದ್ದರೆ ಮಾರ್ಗದರ್ಶಿಗಳೇ ಸೇರಿ ಮಾಡಿಸಿ. ಮೇಲಿನ ಹೆಸರುಗಳ ಪಟ್ಟಿಯೇ ಅದಕ್ಕೆ ಸಾಕಷ್ಟು ಸಾಮಗ್ರಿ.

ಪ್ರಶ್ನೆ: ಒಪ್ಪಂದವನ್ನು ಮತ್ತೆ ಪರಿಶೀಲಿಸುತ್ತಿದ್ದಾರೆ ಎಂದು ಓದಿದೆ. ನಮ್ಮ ಸಂಘ ಏನಾದರೂ ಬರೆದು ಕಳಿಸಬಹುದೇ?
*– ಕಾರ್ಯದರ್ಶಿಗಳು, ಬೆಳೆಗಾರರ ಸಂಘ, ಬೇಲೂರು ತಾಲ್ಲೂಕು*

ಕಳಿಸಬಹುದು, ಕಳಿಸಲೇಬೇಕು. ಸರಕು ಒಪ್ಪಂದದ ಮರುಪರಿಶೀಲನೆಯನ್ನು 2025ರೊಳಗೆ ಮುಗಿಸುವ ಗುರಿಯನ್ನು ಎರಡೂ ಕಡೆಯವರು 2023ರಲ್ಲಿ ಇಟ್ಟುಕೊಂಡರು. ಕೇಂದ್ರ ವಾಣಿಜ್ಯ ಸಚಿವಾಲಯದ ವಿದೇಶ ವ್ಯಾಪಾರ ವಿಭಾಗಕ್ಕೆ ಬರೆದು, ಕಾಫಿ ಮಂಡಳಿ, ಸಾಂಬಾರ ಮಂಡಳಿ ಮತ್ತು ಸಂಸದರಿಗೆ ಪ್ರತಿ ಕೊಡಿ. "ಬೆಳೆಗಾರರನ್ನು ಕಾಪಾಡಿ" ಎಂದು ಬರೆಯದೆ ಎಚ್‌ಎಸ್ ಸಂಖ್ಯೆ ಹಾಕಿ ಕೇಳಿ. ಮೆಣಸು 0904 11ಕ್ಕೆ ಶೇ 50ಕ್ಕಿಂತ ಕೆಳಗೆ ಇಳಿಸಬಾರದು. ಹಸಿ ಕಾಫಿ 0901 11 ಈಗಿರುವ ಶೇ 45ರಲ್ಲೇ ಉಳಿಯಲಿ. ಬೆಳೆಗಳಿಗೆ ಪೂರ್ತಿ ಆ ದೇಶದಲ್ಲೇ ಬೆಳೆದದ್ದು ಎಂಬ ಷರತ್ತು ಸಡಿಲವಾಗಬಾರದು. ಮೂಲಪತ್ರದ ಪರಿಶೀಲನೆಗೆ ಆ ದೇಶ ಗೊತ್ತಾದ ಗಡುವಿನೊಳಗೆ ಉತ್ತರಿಸದಿದ್ದರೆ ರಿಯಾಯಿತಿ ತಾನಾಗಿ ರದ್ದಾಗಲಿ. ಕನಿಷ್ಠ ಆಮದು ದರ 2017ರ 500ರಲ್ಲೇ ನಿಲ್ಲದೆ ಪ್ರತಿ ವರ್ಷ ಪರಿಷ್ಕರಣೆಯಾಗಲಿ. ಈ ಕೊನೆಯದನ್ನು ಭಾರತ ತಾನೇ ತೀರ್ಮಾನಿಸಬಲ್ಲದು, ಆಸಿಯಾನ್‌ನ ಒಪ್ಪಿಗೆಗೆ ಕಾಯಬೇಕಾಗಿಲ್ಲ. ಅದಕ್ಕಾಗಿ ಬೇರೆಯೇ ಪತ್ರ ಬರೆದು, ನಿಮ್ಮ ತಾಲ್ಲೂಕಿನಲ್ಲಿ ಒಂದು ಕೆ.ಜಿ. ಮೆಣಸಿಗೆ ಬೀಳುವ ಕೊಯ್ಲು ಕೂಲಿ, ಏಣಿ, ಔಷಧ, ಗೊಬ್ಬರದ ಖರ್ಚಿನ ಲೆಕ್ಕವನ್ನು ಬಿಲ್ಲುಗಳ ಸಮೇತ ಲಗತ್ತಿಸಿ.